"ನಾನು ಅನ್ನೋನೇ ಇಲ್ಲ" ಅನ್ನುವ ಸ್ಟಾರ್‌ಗಳನ್ನು ನಂಬಬಹುದಾ? (ಭಾವನ 18,000 ರೂಪಾಯಿ ಪ್ರಶ್ನೆ)

ಮಂಡ್ಯ ಜೆರಾಕ್ಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಂಡ್ಯ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ವಿಷಯ ನನ್ನದಲ್ಲ, ಭಾವನದು. ಅಕ್ಕನ ಗಂಡ. ಒಳ್ಳೆಯ ಮನುಷ್ಯ. ಎರಡು ಎಕರೆ ಕಬ್ಬು, ಕುಡಿತ ಇಲ್ಲ, ಇಸ್ಪೀಟ್ ಇಲ್ಲ. ಇತ್ತೀಚೆಗೆ ಹಿಡಿದಿರುವುದು ಒಂದೇ ಹುಚ್ಚು. ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಜ್ಞಾನೋದಯ ಆದ ಸೆಲೆಬ್ರಿಟಿಗಳ ವಿಡಿಯೊ ನೋಡುವುದು.

ಶುರುವಾಗಿದ್ದು ಜಿಮ್ ಕ್ಯಾರಿಯಿಂದ. ಹಾಲಿವುಡ್ ಕಾಮಿಡಿ ನಟ, ಮುಖವನ್ನು ಹೆಂಗೆಂಗೋ ತಿರುಚುತ್ತಾರಲ್ಲ, ಅವರೇ. 2017ರಲ್ಲಿ ನ್ಯೂಯಾರ್ಕ್ ಫ್ಯಾಷನ್ ವೀಕ್‌ಗೆ ಬಂದಿದ್ದಾಗ ಮೈಕ್ ಹಿಡಿದು ಮಾತಾಡಿಸಿದವಳಿಗೆ, ಇದಕ್ಕೆಲ್ಲ ಯಾವ ಅರ್ಥವೂ ಇಲ್ಲ, ನಾನು ಅನ್ನೋನೇ ಇಲ್ಲ, ಸುಮ್ನೆ ಏನೇನೋ ನಡೀತಿದೆ ಅಷ್ಟೆ ಅನ್ನೋ ಅರ್ಥದಲ್ಲಿ ಹೇಳಿಬಿಟ್ಟರು. ಭಾವ ಅಲ್ಲಿಗೇ ಬಿದ್ದುಹೋದರು. ಅಲ್ಲಿಂದ ಎಕ್‌ಹಾರ್ಟ್ ಟೋಲೆ ಅನ್ನುವ ಆಧ್ಯಾತ್ಮಿಕ ಬರಹಗಾರ, ಅಲ್ಲಿಂದ ಇನ್ಯಾರೋ. ಈಗ ಒಬ್ಬ ಮಾಜಿ ನಟ ನಡೆಸುವ ಆನ್‌ಲೈನ್ ಕೋರ್ಸ್ ಸೇರಬೇಕಂತೆ. ಹೆಸರು ಬೇಡ ಬಿಡಿ. ಫೀಸು 18,000. ಕಬ್ಬಿನ ಬಿಲ್ ಬಂದಿದೆ, ಅದರಲ್ಲೇ ಕಟ್ಟಿಬಿಡುತ್ತೇನೆ ಅಂತಾರೆ.

ಅಕ್ಕ ಕೆಂಡವಾಗಿದ್ದಾಳೆ. "ನೀನು ಓದಿರೋನು, ನೀನೇ ಹೇಳು" ಅಂತ ನನ್ನ ತಲೆಗೆ ಕಟ್ಟಿದ್ದಾಳೆ. ಭಾವನ ಮುಂದೆ ನಿಂತು ನಾನೇನು ಹೇಳಲಿ? ಮದುವೆಯಾದ ಹೊಸದರಲ್ಲಿ ನನ್ನ ಅಂಗಡಿಗೆ ಮೊದಲ ಮಿಷನ್ ಕೊಡಿಸಿದ್ದೇ ಅವರು.

ಇಂಥವರಿಗೆ ನಿಜವಾಗಿ ಏನಾದರೂ ಆಗಿರುತ್ತದಾ? ಆಗಿದ್ದರೆ ಕ್ಯಾಮೆರಾ ಮುಂದೆ ಹೇಳಿಕೊಳ್ಳುತ್ತಾರಾ? ತಿಳಿದವರು ಹೇಳಿ. ಭಾವನಿಗೆ ಬೇಜಾರಾಗಬಾರದು, ಅದು ಮುಖ್ಯ.

ಪಶ್ಚಿಮವಾಹಿನಿ:

ತುಂಬಿದ ಕೊಡ ತುಳುಕಲ್ಲ. ಮುಗೀತು.

ವಿನೋದ್ ಖನ್ನಾನ ನೋಡಿ. 1982ರಲ್ಲಿ, ಕೈತುಂಬ ಸಿನಿಮಾ ಇರುವಾಗ ಎಲ್ಲ ಬಿಟ್ಟು ಅಮೆರಿಕದ ಒರೆಗಾನ್‌ನಲ್ಲಿದ್ದ ರಜನೀಶ್ ಆಶ್ರಮಕ್ಕೆ ಹೋದರು. ಅಲ್ಲಿ ತೋಟದ ಕೆಲಸ ಮಾಡಿದರು. ವಾಪಸ್ ಬಂದು ಮತ್ತೆ ಸಿನಿಮಾ ಮಾಡಿದರು. ನನಗೆ ಜ್ಞಾನೋದಯ ಆಯಿತು, ಫೀಸು ಕಟ್ಟಿ ಅಂತ ಬೋರ್ಡ್ ಹಾಕಲಿಲ್ಲ.

ಗೋಕುಲಂ ಮಹಡಿಮನೆ:

ತಮ್ಮಾ, ಕೊಡದ ಗಾದೆ ಯಾರಾದರೂ ಹೇಳೇ ಹೇಳುತ್ತಾರೆ ಅಂತ ಗೊತ್ತಿತ್ತು. ನಾನು ಕಂಡ ಹಾಗೆ ತುಂಬಿದ್ದೂ ಒಂದೊಂದು ಸಲ ತುಳುಕುತ್ತದೆ. ಅದನ್ನು ನೋಡಿ ತೀರ್ಮಾನ ಮಾಡಬೇಡ.

ನಮ್ಮ ಮನೆ ಗೋಕುಲಂ ಮೂರನೇ ಸ್ಟೇಜ್. ಮಹಡಿಯಲ್ಲಿ ಎರಡು ರೂಮು, ಯೋಗ ಕಲಿಯಲು ಬರುವ ಫಾರಿನ್‌ನವರಿಗೆ ಬಾಡಿಗೆಗೆ ಕೊಡುತ್ತೇವೆ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಈ ಕಡೆ ಬಂದ ಮೇಲೆ ನಮ್ಮ ಏರಿಯಾದ ಬಾಡಿಗೆ ಲೆಕ್ಕವೇ ಬದಲಾಯಿತು. ಮಡೋನಾ, ಸ್ಟಿಂಗ್ ಅಂಥವರು ಅವರ ಅಷ್ಟಾಂಗ ಯೋಗ ಮಾಡಿದ ಮೇಲಂತೂ ಕೇಳಬೇಡಿ. ಜೋಯಿಸರ ಗುರು ಕೃಷ್ಣಮಾಚಾರ್ಯರಿಗೆ ನಾಲ್ವಡಿಯವರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಜಾಗ ಕೊಟ್ಟಿದ್ದರು. ಅಲ್ಲಿ ಹುಡುಗರಿಗೆ ಬೆನ್ನು ಬಾಗಿಸಿ, ಉಸಿರು ಹಿಡಿಸಿ ಕಲಿಸಿದರು. ಆಗ ಅದು ವ್ಯಾಯಾಮದ ಜೊತೆಗೆ ಬರುವ ವಿದ್ಯೆ. ಈಗ ಬರುವವರಲ್ಲಿ ಕೆಲವರಿಗೆ ಟಿಕೆಟ್ ಬುಕ್ ಮಾಡುವಾಗಲೇ ಜ್ಞಾನೋದಯದ ತಾರೀಖೂ ಬೇಕು.

ಮುಕ್ಕಾಲು ಪಾಲು ಪಾಪದವರು, ಅದನ್ನೂ ಹೇಳಬೇಕು. ಕತ್ತಲಲ್ಲೇ ಎದ್ದು ಕ್ಲಾಸಿಗೆ ಹೋಗುತ್ತಾರೆ, ಬಂದು ಎಳನೀರು ಕುಡಿಯುತ್ತಾರೆ, ಬಟ್ಟೆ ಒಗೆದು ಹಾಕಿ ಮಲಗುತ್ತಾರೆ. ಒಬ್ಬ ಮಾತ್ರ ಬೇರೆ ಥರ ಇದ್ದ. ಅವನ ದೇಶದಲ್ಲಿ ಟಿವಿ ಸೀರಿಯಲ್ ಮಾಡಿದವನಂತೆ. ಇನ್‌ಸ್ಟಾಗ್ರಾಂನಲ್ಲಿ ಲಕ್ಷಗಟ್ಟಲೆ ಜನ. ಫಾರಿನ್‌ನವರನ್ನು ಇಟ್ಟುಕೊಂಡರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಆನ್‌ಲೈನ್‌ನಲ್ಲಿ ಕಳಿಸಬೇಕು, ಅದು ಮನೆ ಮಾಲೀಕರ ಜವಾಬ್ದಾರಿ. ನಮ್ಮನೆಯವರು ಲ್ಯಾಪ್‌ಟಾಪ್ ಮುಂದೆ ಕೂತು ಹೆಸರು ಕೇಳಿದರು.

"ಆ ಹೆಸರಿನವನು ಹೋಗಿಬಿಟ್ಟ" ಅಂದ.

ನಮ್ಮನೆಯವರಿಗೆ ಗಾಬರಿ. ಯಾವಾಗ ಹೋದ, ಎಲ್ಲಿಗೆ ಹೋದ, ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳಿದರು. ಇನ್ನೊಬ್ಬ ಬಂದಿದ್ದು ಹೋಗಿದ್ದಾನೆ, ಅವನದೂ ಒಂದು ಫಾರಂ ತುಂಬಬೇಕು ಅಂತ ಅವರ ಲೆಕ್ಕ. ಆಮೇಲೆ ಪಾಸ್‌ಪೋರ್ಟ್ ಕಿತ್ತುಕೊಂಡು ಅದರಲ್ಲಿದ್ದ ಹೆಸರು ಹೊಡೆದೆವು. ವೃತ್ತಿ ಅನ್ನುವ ಕಾಲಂಗೆ "ಸಾಕ್ಷಿ" ಅಂತ ಹಾಕಿ ಅಂದ. ನಾನು "ನಟ" ಅಂತ ಹಾಕಿದೆ.

ಈಗ ಕೇಳು. ಒಂದು ಸಂಜೆ ಟೆರೇಸಿನಲ್ಲಿ ನನ್ನ ಹಪ್ಪಳದ ಪಕ್ಕ ಕೂತಿದ್ದವನು ತುಂಬಾ ಹೊತ್ತಾದರೂ ಇಳಿಯಲಿಲ್ಲ. ಇಳಿದು ಬಂದಾಗ ಕಣ್ಣಲ್ಲಿ ನೀರು. ಅಡುಗೆಮನೆ ಬಾಗಿಲಲ್ಲಿ ನಿಂತು ಕಾಫಿ ಕೇಳಿದ. ಲೋಟ ಹಿಡಿದ ಕೈ ನಡುಗುತ್ತಿತ್ತು. ಏನೂ ಮಾತಾಡಲಿಲ್ಲ. ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದ. ಬಂದ ಲಾಗಾಯ್ತು ಲೋಟ ತೊಳೆದವನಲ್ಲ. ಅದು ನಾಟಕ ಅಂತ ನಾನು ಯಾವತ್ತೂ ಹೇಳಲ್ಲ. ಅವನಿಗೆ ಏನೋ ಆಗಿತ್ತು.

ಮಾರನೇ ದಿನ ಟ್ರೈಪಾಡ್ ಹತ್ತಿತು. ಹಪ್ಪಳ ಸ್ವಲ್ಪ ಆ ಕಡೆ ಸರಿಸಿ ಅಂದ. ಅದೇ ಜಾಗದಲ್ಲಿ ಕೂತು, ಅದೇ ಥರ ಕಣ್ಣು ತುಂಬಿಕೊಂಡು, ನಿನ್ನೆ ಆಗಿದ್ದನ್ನು ಈಗ ತಾನೇ ಆಗುತ್ತಿದೆ ಅನ್ನುವ ಹಾಗೆ ಹೇಳಿದ. ಬೆಳಕು ಸರಿ ಬಂದಿಲ್ಲ ಅಂತ ಇನ್ನೊಂದು ಸಲ ತೆಗೆದ. ಎರಡನೇ ಸಲವೂ ಕಣ್ಣಲ್ಲಿ ನೀರು ಸರಿಯಾದ ಟೈಮಿಗೆ ಬಂತು. ಕಸುಬು ಗೊತ್ತಿದ್ದವನು ಅಲ್ವಾ.

ನಿಮ್ಮ ಭಾವ ನೋಡುತ್ತಿರುವುದು ಈ ಎರಡನೇ ದಿನದ್ದು. ಮೊದಲನೇ ದಿನದ್ದು ಯಾರ ಫೋನಿಗೂ ಬರಲ್ಲ. ಬಂದರೂ ಅದಕ್ಕೆ ಫೀಸು ಹಾಕೋದು ಹೇಗೆ? ಆ ಲೋಟ ನಡುಗಿದ್ದನ್ನು ಅವನೇ ಇನ್ನೊಬ್ಬರಿಗೆ ಕೊಡಲಾರ.

ಬಿಟ್ಟು ಹೋಗುವಾಗ ಅಡ್ವಾನ್ಸ್ ಜಗಳ ಆಯಿತು. ಒಂದು ತಿಂಗಳು ಮುಂಚೆ ಹೇಳಬೇಕು ಅಂತ ಅಗ್ರಿಮೆಂಟ್‌ನಲ್ಲೇ ಇದೆ. ಆವತ್ತು ಮಾತ್ರ "ನಾನು", "ನನ್ನ" ಅನ್ನುವುದು ವಾಕ್ಯಕ್ಕೆ ಎರಡೆರಡು ಸಲ ಬರುತ್ತಿತ್ತು. ನಗು ಬಂತು, ಆದರೂ ಅರ್ಧ ಕೊಟ್ಟೆ.

ನಾವೂ ಏನು ಕಮ್ಮಿ ಇಲ್ಲ. ಆ ವಿಡಿಯೊ ನೋಡಿ ಜನ "ಅದೇ ಟೆರೇಸ್ ಇರುವ ರೂಮು" ಬೇಕು ಅಂತ ಕೇಳಲು ಶುರು ಮಾಡಿದರು. ನಮ್ಮನೆಯವರು ಬಾಡಿಗೆ ಎರಡು ಸಾವಿರ ಜಾಸ್ತಿ ಮಾಡಿದರು. ನಾನು ಬೇಡ ಅನ್ನಲಿಲ್ಲ.

ಪಿರಿಯಾಪಟ್ಟಣ ಮೇಷ್ಟ್ರು:

ಗೋಕುಲಂ ಅಮ್ಮನವರೇ, ನೀವು ಹೇಳಿದ ಕಥೆಗೆ ನಮ್ಮ ತಾಲ್ಲೂಕಿನಿಂದಲೇ ಒಂದು ಜೋಡಿ ಕೊಡುತ್ತೇನೆ.

ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠ ಗೊತ್ತಲ್ಲ. ನಾವೆಲ್ಲ ಗೋಲ್ಡನ್ ಟೆಂಪಲ್ ಅಂತ ಕರೆಯುವುದು. ಅದನ್ನು 1963ರಲ್ಲಿ ಕಟ್ಟಿದ ಪೆನೋರ್ ರಿನ್‌ಪೋಚೆ ಟಿಬೆಟಿನ ನಿಂಗ್ಮಾ ಪಂಥದ ಬಹಳ ದೊಡ್ಡ ಗುರು. 1997ರಲ್ಲಿ ಅವರು ಹಾಲಿವುಡ್‌ನ ಸ್ಟೀವನ್ ಸೀಗಲ್‌ರನ್ನು "ಟುಲ್ಕು" ಅಂತ ಗುರುತಿಸಿದರು. 17ನೇ ಶತಮಾನದ ಚುಂಗ್‌ದ್ರಾಗ್ ದೋರ್ಜೆ ಎಂಬ ಗುರುವಿನ ಪುನರ್ಜನ್ಮ ಅಂತ. ಹೌದು, ಅದೇ ಸೀಗಲ್, ಎದುರಾಳಿಯ ಮಣಿಕಟ್ಟು ಲಟಕ್ ಅಂತ ಮುರಿಯುವ ಫೈಟಿಂಗ್ ಹೀರೊ. ಪ್ರಪಂಚವೆಲ್ಲ ನಕ್ಕಿತು. ದುಡ್ಡು ಕೊಟ್ಟು ಪಟ್ಟ ತಗೊಂಡ ಅಂತ ಬರೆದರು. ಎರಡು ವರ್ಷದ ಮೇಲೆ ರಿನ್‌ಪೋಚೆಯವರೇ ಒಂದು ಹೇಳಿಕೆ ಕೊಟ್ಟು, ದುಡ್ಡಿನ ಮಾತು ಸುಳ್ಳು, ಪಟ್ಟಾಭಿಷೇಕವೂ ನಡೆದಿಲ್ಲ, ಸಿನಿಮಾದ ಹೊಡೆದಾಟ ಬರೀ ಮನರಂಜನೆ ಅಂದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಟುಲ್ಕು ಅಂದರೆ ಎಲ್ಲ ಮುಗಿಸಿ ಕೂತವರು ಅಂತ ಮಠದವರು ತಿಳಿಯುವುದಿಲ್ಲ. ಟುಲ್ಕು ಆದ ಮಗುವೂ ಅಕ್ಷರದಿಂದ ಶುರು ಮಾಡಬೇಕು. ಬೆಳಿಗ್ಗೆ ಎದ್ದು ಪಾಠ ಬಾಯಿಪಾಠ ಮಾಡಬೇಕು, ತಪ್ಪಿದರೆ ಬೈಸಿಕೊಳ್ಳಬೇಕು. ಪೇಪರಿನವರಿಗೆ ಮಾತ್ರ ಟುಲ್ಕು ಅಂದ ಕೂಡಲೇ "ದೇವರಾದ ಹೀರೊ" ಅನ್ನುವ ಹೆಡ್‌ಲೈನ್ ಸಿಕ್ಕಿತು.

ಇನ್ನು ಕ್ಯಾಮೆರಾ ಮುಂದೆ ಹೇಳಿಕೊಳ್ಳಬಹುದಾ ಅನ್ನುವ ಪ್ರಶ್ನೆ. ಬೌದ್ಧ ಭಿಕ್ಷುಗಳಿಗೆ ಇದರ ಮೇಲೆ ಕಾನೂನೇ ಇದೆ. ಪಾರಾಜಿಕ ಅಂತ ನಾಲ್ಕು ಮಹಾ ತಪ್ಪುಗಳು. ಮಾಡಿದರೆ ಆ ಕ್ಷಣಕ್ಕೆ ಸಂಘದಿಂದ ಹೊರಗೆ. ಮೈಥುನ, ಕಳ್ಳತನ, ಕೊಲೆ ಮೂರು. ನಾಲ್ಕನೆಯದು ಇಲ್ಲದ ಸಾಧನೆಯನ್ನು ನನಗಾಗಿದೆ ಅಂತ ಹೇಳಿಕೊಳ್ಳುವುದು. ಕೊಲೆಯ ಸಾಲಿನಲ್ಲಿ ಇಟ್ಟಿದ್ದಾರೆ ನೋಡಿ. ಇದು ಬಂದ ಕಥೆ ಇನ್ನೂ ಚೆನ್ನಾಗಿದೆ. ವಜ್ಜಿ ದೇಶದಲ್ಲಿ ಬರಗಾಲ. ಭಿಕ್ಷೆ ಹುಟ್ಟುತ್ತಿಲ್ಲ. ನದಿ ದಡದಲ್ಲಿದ್ದ ಒಂದಷ್ಟು ಭಿಕ್ಷುಗಳು ಮಾತಾಡಿಕೊಂಡರು. ಊರವರ ಮುಂದೆ ಇವರು ಅರಹಂತರು (ಅಂದರೆ ಪೂರ್ತಿ ಮುಕ್ತಿ ಪಡೆದವರು), ಅವರಿಗೆ ಇಂಥ ಧ್ಯಾನ ಸಿದ್ಧಿಸಿದೆ ಅಂತ ಒಬ್ಬರನ್ನೊಬ್ಬರು ಹೊಗಳತೊಡಗಿದರು. ಜನ ತಮ್ಮ ಮಕ್ಕಳಿಗೆ ಕೊಡುವುದನ್ನು ಬಿಟ್ಟು ಇವರಿಗೆ ಬಡಿಸಿದರು. ಮಳೆಗಾಲ ಮುಗಿಸಿ ಬುದ್ಧನನ್ನು ನೋಡಲು ಬಂದಾಗ ಉಳಿದ ಭಿಕ್ಷುಗಳೆಲ್ಲ ಬಡಕಲಾಗಿದ್ದರು, ಇವರು ಮಾತ್ರ ಮೈತುಂಬಿಕೊಂಡು ಹೊಳೆಯುತ್ತಿದ್ದರು. ಸಿಕ್ಕಿಬಿದ್ದಿದ್ದು ಹಾಗೆ.

ನಿಜವಾಗಿ ಸಾಧನೆ ಆಗಿದ್ದರೂ ಅದನ್ನು ಸಂಘದ ಹೊರಗಿನವರಿಗೆ ಹೇಳುವ ಹಾಗಿಲ್ಲ. ಅದು ಸಣ್ಣ ತಪ್ಪು, ಒಪ್ಪಿಕೊಂಡರೆ ಮುಗಿಯಿತು. ತನಗೆ ಆಗಿದೆ ಅಂತ ಪ್ರಾಮಾಣಿಕವಾಗಿ ತಪ್ಪು ತಿಳಿದು ಹೇಳಿದವನಿಗೆ ಶಿಕ್ಷೆ ಇಲ್ಲ. ಎರಡೂವರೆ ಸಾವಿರ ವರ್ಷದ ಹಿಂದೆಯೇ ಇಂಥ ಮೂರು ಜಾತಿಯ ಗಿರಾಕಿಗಳನ್ನು ಕಂಡಿದ್ದಾರೆ.

ಸರಸ್ವತಿಪುರಂ ಸೈಕಾಲಜಿ:

ಎಲ್ಲರೂ ಸೇರಿ ಜಿಮ್ ಕ್ಯಾರಿಯನ್ನು ಆ ಗೋಕುಲಂ ಬಾಡಿಗೆದಾರನ ಸಾಲಿಗೆ ಸೇರಿಸಬೇಡಿ, ಪ್ಲೀಸ್. ಅವರಿಗೆ ಖಿನ್ನತೆ ಇತ್ತು, ಮಾತ್ರೆ ತಗೊಂಡಿದ್ದರು, ಅದನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. 2009ರಲ್ಲಿ ಎಕ್‌ಹಾರ್ಟ್ ಟೋಲೆಯವರ ಕಾರ್ಯಕ್ರಮವೊಂದರಲ್ಲಿ ತಮಗಾದ ಅನುಭವದ ಬಗ್ಗೆ ಮಾತಾಡಿದರು. ಯೋಚನೆ ಬೇರೆ, ಅದನ್ನು ನೋಡುತ್ತಿರುವ ಅರಿವು ಬೇರೆ ಅಂತ ಒಂದು ದಿನ ಥಟ್ಟನೆ ಹೊಳೆಯಿತು, ತನ್ನ ಸಮಸ್ಯೆಗಳಿಂದ ಬಿಡುಗಡೆ ಸಿಕ್ಕ ಹಾಗಾಯಿತು ಅಂತ. ಆದರೆ ಅದೇ ಮಾತಿನಲ್ಲಿ ಇನ್ನೊಂದನ್ನೂ ಹೇಳಿದರು. ಆವತ್ತಿನಿಂದ ಮತ್ತೆ ಅಲ್ಲಿಗೆ ಹೋಗಲು ಪ್ರಯತ್ನಿಸುತ್ತಿದ್ದೇನೆ, ಅದು ಬರುತ್ತದೆ, ಹೋಗುತ್ತದೆ ಅಂತ. ಭಾವ ನೋಡುವ ತುಣುಕು ವಿಡಿಯೊಗಳಲ್ಲಿ ಈ ಭಾಗವನ್ನು ಕತ್ತರಿಸಿರುತ್ತಾರೆ.

ಟೋಲೆಯವರದೂ ಹಾಗೆಯೇ. 1977ರಲ್ಲಿ, 29ನೇ ವಯಸ್ಸಿಗೆ, ಬದುಕೇ ಬೇಡ ಅನ್ನುವ ಸ್ಥಿತಿಯಿಂದ ಎದ್ದು ಬಂದವರು. ಪುಸ್ತಕ ಬಂದಿದ್ದು 1997ರಲ್ಲಿ. ನಡುವೆ ಇಪ್ಪತ್ತು ವರ್ಷ. ಆ ಅವಧಿಯಲ್ಲಿ ಬಹಳ ಕಾಲ ಲಂಡನ್ ಪಾರ್ಕಿನ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದರಂತೆ. ರಮಣ ಮಹರ್ಷಿಗಳು 1896ರಲ್ಲಿ, 16ನೇ ವಯಸ್ಸಿನಲ್ಲಿ ಮಧುರೈನ ಮನೆಯಲ್ಲಿ ಸಾವಿನ ಭಯ ಹಿಡಿದು ಮಲಗಿದವರು ಎದ್ದಾಗ ಬೇರೆಯೇ ಆಗಿದ್ದರು. ಆಮೇಲೆ ಎಷ್ಟೋ ವರ್ಷ ಬಾಯಿಯೇ ಬಿಡಲಿಲ್ಲ. ಇಂಥದ್ದು ಮನುಷ್ಯರಿಗೆ ಆಗುತ್ತದೆ. ಸ್ಟಾರ್ ಆದ ಮಾತ್ರಕ್ಕೆ ಆಗಬಾರದು ಅಂತೇನಿಲ್ಲ.

ಜೊತೆಗೆ ಒಂದು ಎಚ್ಚರಿಕೆ. "ನಾನು ಇಲ್ಲ" ಅನ್ನುವ ಭಾವನೆ ಎಲ್ಲರಿಗೂ ಸುಖ ಕೊಡುವುದಿಲ್ಲ. ಕೆಲವರಿಗೆ ಅದೇ ಕಾಯಿಲೆಯ ಲಕ್ಷಣ, ತಮ್ಮ ಕೈಕಾಲೇ ತಮ್ಮದಲ್ಲ ಅನ್ನಿಸಿ ಹೆದರಿ ಡಾಕ್ಟರ ಹತ್ತಿರ ಬರುತ್ತಾರೆ. ಭಾವ ಸರಿಯಾಗಿ ನಿದ್ದೆ ಮಾಡುತ್ತಿದ್ದಾರಾ? ಊಟ ಸೇರುತ್ತಿದೆಯಾ? ಕೋರ್ಸಿಗಿಂತ ಮೊದಲು ಅದನ್ನು ಕೇಳಿ.

ಗೋಕುಲಂ ಮಹಡಿಮನೆ:

ಇದು ಸರಿಯಾದ ಮಾತು ಮಗಳೇ. ಕ್ಯಾರಿ ಕೋರ್ಸ್ ಮಾರುತ್ತಿಲ್ಲ ಅನ್ನುವುದನ್ನೂ ಸೇರಿಸು. ಬಂದು ಹೋಗುತ್ತದೆ ಅಂತ ಬಾಯಿಬಿಟ್ಟು ಹೇಳಿದವನ ಮೇಲೆ ನನಗೆ ಗೌರವ. ಬಂದು ನಿಂತುಬಿಟ್ಟಿದೆ, ನಿಮಗೂ ಆರು ವಾರದಲ್ಲಿ ನಿಲ್ಲಿಸಿಕೊಡುತ್ತೇನೆ ಅನ್ನುವವನಿಗೆ ನಾನು ಅಡ್ವಾನ್ಸ್ ಇಲ್ಲದೆ ರೂಮು ಕೊಡಲ್ಲ.

ಲಕ್ಷ್ಮೀಪುರಂ ನಿವೃತ್ತ:

ಈ ಚರ್ಚೆ ಮೈಸೂರಿನಲ್ಲಿ ಹಿಂದೆಯೂ ನಡೆದಿದೆ. ನಮ್ಮ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಎಂಬ ವೇದಾಂತಿ ಇದ್ದರು. ರಮಣರನ್ನು ಪಶ್ಚಿಮಕ್ಕೆ ಪರಿಚಯಿಸಿ ಹೆಸರು ಮಾಡಿದ ಪಾಲ್ ಬ್ರಂಟನ್ ಆಮೇಲೆ ಇವರ ಹತ್ತಿರ ಪಾಠಕ್ಕೆ ಕೂತರು. ನಾಲ್ವಡಿಯವರ ಬೆಂಬಲವೂ ಇತ್ತು. ಧ್ಯಾನದಲ್ಲಿ ಆನಂದ ಸಿಕ್ಕಿತು ಅಂದರೆ ಅಯ್ಯರ್ ಒಪ್ಪುವವರಲ್ಲ. ಕನಸಿನಲ್ಲೂ ಆನಂದ ಸಿಗುತ್ತದೆ, ಎದ್ದ ಮೇಲೆ ಏನು ಉಳಿಯಿತು? ಎಚ್ಚರ, ಕನಸು, ನಿದ್ದೆ ಮೂರನ್ನೂ ಇಟ್ಟು ವಿಚಾರ ಮಾಡು ಅನ್ನುವುದು ಅವರ ದಾರಿ. ಅನುಭವವನ್ನೇ ಪುರಾವೆ ಮಾಡಿಕೊಂಡವರಿಗೆ ಅದು ಕಹಿ ಔಷಧ.

ಯು.ಜಿ. ಕೃಷ್ಣಮೂರ್ತಿ ಎಂಬ ಚಿಂತಕ ಇನ್ನೊಂದು ತುದಿ. 1967ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಏನೋ ಆಯಿತು. ಅದನ್ನು ಜ್ಞಾನೋದಯ ಅನ್ನಲು ಒಪ್ಪದೆ "ವಿಪತ್ತು" ಅಂತ ಕರೆದರು. 1972ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಸಾರ್ವಜನಿಕ ಭಾಷಣ ಮಾಡಿದ್ದು ಬಿಟ್ಟರೆ ವೇದಿಕೆಯನ್ನೇ ಬಿಟ್ಟರು. ಆದರೂ ಜನ ಬಿಡಲಿಲ್ಲ. ನಿರ್ದೇಶಕ ಮಹೇಶ್ ಭಟ್ ಕೊನೆಯವರೆಗೂ ಅಂಟಿಕೊಂಡಿದ್ದರು. ಬೇಡ ಅಂದವನ ಹಿಂದೆಯೂ ಹೋಗುತ್ತಾರೆ, ಬನ್ನಿ ಅಂದವನ ಹಿಂದೆಯೂ ಹೋಗುತ್ತಾರೆ. ಹಾಗಾಗಿ ಹೇಳಿಕೊಂಡನೋ ಇಲ್ಲವೋ ಅನ್ನುವುದೇ ಅಳತೆಗೋಲು ಆಗಲಾರದು.

ಪಿರಿಯಾಪಟ್ಟಣ ಮೇಷ್ಟ್ರು:

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಇದು ಭಾವನಿಗೆ ಹೇಳಲು ಉಪಯೋಗಕ್ಕೆ ಬರಬಹುದು. ಬುದ್ಧನೂ ಹೇಳಿಕೊಂಡಿದ್ದಾನೆ! ಜ್ಞಾನೋದಯ ಆಗಿ ಕಾಶಿ ಕಡೆ ನಡೆದು ಹೋಗುವಾಗ ದಾರಿಯಲ್ಲಿ ಉಪಕ ಅನ್ನುವ ಆಜೀವಕ ಪಂಥದ ಸನ್ಯಾಸಿ ಸಿಕ್ಕಿದ. ಮುಖದ ಕಳೆ ನೋಡಿ, ನಿನ್ನ ಗುರು ಯಾರು ಅಂತ ಕೇಳಿದ. ನನಗೆ ಗುರು ಇಲ್ಲ, ಎಲ್ಲ ಗೆದ್ದವನು ನಾನೇ ಅಂದ ಬುದ್ಧ. ಉಪಕ ತಲೆ ಅಲ್ಲಾಡಿಸಿ "ಇರಬಹುದಪ್ಪಾ" ಅಂತ ಹೇಳಿ ಬೇರೆ ದಾರಿ ಹಿಡಿದು ಹೋದ. ಬುದ್ಧ ಅವನನ್ನು ಕೂಗಿ ಕರೆಯಲಿಲ್ಲ, ಶಾಪ ಹಾಕಲಿಲ್ಲ, ಡಿಸ್ಕೌಂಟ್ ಕೊಡುತ್ತೇನೆ ಅನ್ನಲಿಲ್ಲ.

ಮಂಡ್ಯ ಜೆರಾಕ್ಸ್:

ಎಲ್ಲರಿಗೂ ಥ್ಯಾಂಕ್ಸ್. ನಾನಾಗಿ ಏನೂ ಹೇಳಲಿಲ್ಲ. ಇದನ್ನೆಲ್ಲ ಪ್ರಿಂಟ್ ತೆಗೆದು ಭಾವನಿಗೆ ಕೊಟ್ಟೆ. ಪೂರ್ತಿ ಓದಿದರು. ನಿದ್ದೆ, ಊಟ ಚೆನ್ನಾಗಿದೆಯಂತೆ, ಅಕ್ಕನೂ ಹೌದು ಅಂದಳು. ಸೀಗಲ್ ವಿಷಯಕ್ಕೆ ಜೋರಾಗಿ ನಕ್ಕರು. ಕ್ಯಾರಿ "ಬರುತ್ತದೆ, ಹೋಗುತ್ತದೆ" ಅಂದಿದ್ದನ್ನು ನಂಬಲಿಲ್ಲ. ಪೂರ್ತಿ ಭಾಷಣ ಹುಡುಕಿಸಿ, ನನ್ನ ಕೈಲಿ ಕನ್ನಡದಲ್ಲಿ ಹೇಳಿಸಿ ಕೇಳಿದರು. ಆಮೇಲೆ ತುಂಬಾ ಹೊತ್ತು ಮಾತಿಲ್ಲ. ಕೋರ್ಸಿಗೆ ಇನ್ನೂ ದುಡ್ಡು ಕಟ್ಟಿಲ್ಲ. ಬೇಡ ಅಂತಲೂ ಹೇಳಿಲ್ಲ.

ಆದರೆ ಹೊಸದೊಂದು ಶುರುವಾಗಿದೆ. ಗೋಕುಲಂ ಅಮ್ಮನವರ ಟೆರೇಸ್ ಇರುವ ರೂಮಿಗೆ ದಿನಕ್ಕೆ ಎಷ್ಟು, 18,000ಕ್ಕೆ ಎಷ್ಟು ದಿನ ಬರುತ್ತೆ ಕೇಳು ಅಂತ ಬೆಳಿಗ್ಗೆಯಿಂದ ಪ್ರಾಣ ತಿನ್ನುತ್ತಿದ್ದಾರೆ.

ಗೋಕುಲಂ ಮಹಡಿಮನೆ:

ಅಯ್ಯೋ ದೇವರೇ. ಆ ರೂಮು ಫೆಬ್ರವರಿವರೆಗೆ ಬುಕ್ ಆಗಿದೆ ಅಂತ ಹೇಳು, ಸುಳ್ಳಲ್ಲ. ಭಾವನ ಹತ್ತಿರ ದುಡ್ಡು ತಗೊಂಡರೆ ನಿಮ್ಮಕ್ಕ ನನ್ನನ್ನು ಸುಮ್ನೆ ಬಿಡಲ್ಲ. ಕೋರ್ಸಿನವರಿಗೆ ಒಂದು ಮೆಸೇಜ್ ಹಾಕಿಸು. ಇಷ್ಟವಾಗದಿದ್ದರೆ ಪೂರ್ತಿ ದುಡ್ಡು ವಾಪಸ್ ಕೊಡುತ್ತಾರಾ ಅಂತ ಬರಹದಲ್ಲಿ ಕೇಳಲಿ, ಏನು ಉತ್ತರ ಬರುತ್ತೆ ಇಲ್ಲಿ ಹಾಕು. ಮೈಸೂರಿಗೆ ಬಂದರೆ ಅಕ್ಕ, ಭಾವ ಇಬ್ಬರನ್ನೂ ಊಟಕ್ಕೆ ಕರೆದುಕೊಂಡು ಬಾ. ಭಾನುವಾರ ಬೇಡ, ಆವತ್ತು ಮೇಲಿನವರು ಟ್ಯಾಂಕ್ ಖಾಲಿ ಮಾಡಿರುತ್ತಾರೆ.